ಗಂಗಮ್ಮನ ಚೊಚ್ಚಲ ಕಾಯಿ

ಅವತ್ತು ಬೆಳಿಗ್ಗೆ ಕಾಡುಗೋಡಿಯಲ್ಲಿ ಜಿಟಿಜಿಟಿ ಮಳೆ. ರಾತ್ರಿಯಿಡೀ ಸುರಿದದ್ದು ಸಾಲದೆಂಬಂತೆ ಇನ್ನೂ ಹನಿಯುತ್ತಲೇ ಇತ್ತು. ಸ್ಟೇಷನ್ ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತು, ತರಕಾರಿ ಗಾಡಿ ಒಂದೂ ಬಂದಿರಲಿಲ್ಲ.

ಭಾಗ್ಯಮ್ಮ ಹೊಸಿಲಿಗೆ ಅರಿಸಿನ ಹಚ್ಚುತ್ತಿದ್ದಾಗ ಮಹಡಿಯ ಬಾಡಿಗೆ ರೂಮಿನ ವೇಣಿ ಬೆಕ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ಇಳಿದುಬಂದಳು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು.

"ಆಂಟಿ, ಪುಟ್ಟಿಗೆ ಹೊಟ್ಟೆ ಕಟ್ಕೊಂಡುಬಿಟ್ಟಿದೆ. ಊಟಾನೂ ಮುಟ್ತಿಲ್ಲ. ನಿನ್ನೆ ಡಾಕ್ಟ್ರು ನೋಡಿದ್ರು. ನೀರು ಕುಡಿಸಿ, ಸಿಹಿಗುಂಬಳ ಬೇಯಿಸಿ ಒಂದು ಚಮಚ ಕೊಡಿ, ಉಪ್ಪು ಒಗ್ಗರಣೆ ಏನೂ ಬೇಡ ಅಂದ್ರು. ನಾಳೆವರೆಗೂ ಆಗ್ಲಿಲ್ಲ ಅಂದ್ರೆ ಎನಿಮಾನೇ ಅಂತೆ. ಅದಕ್ಕೆ ಮೈಯಲ್ಲಿ ಶಕ್ತೀನೇ ಇಲ್ಲ ಆಂಟಿ. ಎಲ್ಲಿ ಹುಡುಕಿದ್ರೂ ಕುಂಬಳಕಾಯಿ ಇಲ್ಲ."

ಇಬ್ಬರ ಕಣ್ಣೂ ಹಿತ್ತಲಿನ ಶೀಟಿನ ಮೇಲೆ ಹೋಯಿತು. ಅಲ್ಲಿ ಸಿಹಿಗುಂಬಳ ಬಳ್ಳಿಯ ಚೊಚ್ಚಲ ಕಾಯಿ, ಒಂದೇ ಒಂದು, ಬಲಿತು ಕೂತಿತ್ತು. ಅದು ಗಂಗಮ್ಮ ತಾಯಿಗೆ ಹರಕೆ ಹೊತ್ತ ಕಾಯಿ; ಬರುವ ಶುಕ್ರವಾರ ಗುಡಿಗೆ ಒಯ್ಯಬೇಕು. ವೇಣಿಗೂ ಅದು ಗೊತ್ತಿತ್ತು. ಕಣ್ಣು ಕೆಳಗಿಳಿಸಿ ಬೆಕ್ಕಿನ ಟವೆಲು ಸರಿಮಾಡಿದಳು.

ಭಾಗ್ಯಮ್ಮ ಬೆಕ್ಕಿನ ಹೊಟ್ಟೆ ಮುಟ್ಟಿ ನೋಡಿದಳು. ಅದು ಕಣ್ಣು ತೆರೆದು ಮತ್ತೆ ಮುಚ್ಚಿಕೊಂಡಿತು.

"ತಾಯಿಗೆ ನಾನು ಏಳ್ಕೋತೀನಿ. ಕಿತ್ಕೊಂಡು ಬಾ."

ಇಡೀ ಕುಂಬಳಕ್ಕೆ ಹೆಂಗಸರು ಮೊದಲ ಏಟು ಹಾಕುವಂತಿಲ್ಲ. ಅದು ಆ ಮನೆಯ ಪದ್ಧತಿ. ಗಂಡ ಗೋಪಾಲಪ್ಪ ಅತ್ತಿಬೆಲೆಗೆ ಹೋಗಿದ್ದ. ಪುಣ್ಯಕ್ಕೆ, ಅಷ್ಟು ಮಳೆಯಲ್ಲೂ ಸಂಪು ತುಂಬಿಸಲು ಟ್ಯಾಂಕರ್ ಮುನಿಯಣ್ಣ ಬಂದ.

"ಮುನಿಯಣ್ಣ, ಇದಕ್ಕೊಂದು ಏಟು ಆಕಿ ಓಗಪ್ಪ."

"ಯಾರಿಗಕ್ಕ ದೃಷ್ಟಿ? ಹೊಸ ಗಾಡಿ ತಗೊಂಡ್ರಾ?" ಎನ್ನುತ್ತ ಅವನು ಕಾಯಿಯನ್ನು ತಲೆಯೆತ್ತರ ಎತ್ತಿ ಗೇಟಿನ ಮುಂದೆ ಅಪ್ಪಳಿಸಲು ಹೊರಟೇಬಿಟ್ಟ.

"ಅಯ್ಯೋ, ನೆಲಕ್ಕಾಕಬೇಡ್ವೋ! ಬೆಕ್ಕಿನ ಒಟ್ಟೆಗೆ ಕಣೋ!"

"ಬೆಕ್ಕಿಗಾ?" ಮುನಿಯಣ್ಣ ಕಾಯಿ ಇಳಿಸಿ ಮಚ್ಚು ತೆಗೆದುಕೊಂಡ. "ನಮ್ಮನೇಲಿ ನನಗೇ ಯಾರೂ ಇಷ್ಟು ಮಾಡಲ್ಲ ಕಣಕ್ಕ."

ಅಳುತ್ತಿದ್ದ ವೇಣಿಗೂ ನಗು ಬಂತು.

ಬೇಯಿಸಿ, ಮಸೆದು, ಆರಿಸಿ ಇಟ್ಟರೆ ಪುಟ್ಟಿ ಮುಖ ತಿರುಗಿಸಿತು. ಭಾಗ್ಯಮ್ಮ ಬೆರಳಿನಿಂದ ಒಂದಿಷ್ಟು ಅದರ ಮೂಗಿಗೆ ಸವರಿದಳು. ನೆಕ್ಕಿತು. ಇನ್ನೊಂದಿಷ್ಟು ನೆಕ್ಕಿತು. ಸ್ವಲ್ಪ ಹೊತ್ತಿಗೆ ನೀರನ್ನೂ ಕುಡಿಯಿತು.

ಮಾರನೆಯ ಬೆಳಿಗ್ಗೆ ಮಹಡಿಯಿಂದ ಕೂಗು: "ಆಂಟೀ! ಆಯ್ತು! ಪುಟ್ಟಿ ಮಾಡ್ತು!"

"ಬೀದಿಗೆಲ್ಲ ಸಾರಬೇಡ ಕಣಮ್ಮ, ಅದಕ್ಕೂ ಮಾನ ಮರ್ವಾದೆ ಐತೆ," ಎಂದ ಭಾಗ್ಯಮ್ಮನ ಕೈಗಳು ತಾವಾಗಿಯೇ ಮುಗಿದುಕೊಂಡಿದ್ದವು.

ಶುಕ್ರವಾರ ಗುಡಿಗೆ ಹೂವಷ್ಟೇ ಒಯ್ದಳು. "ತಾಯಿ, ನಿನ್ನ ಕಾಯಿ ಆ ಮೂಕಪ್ರಾಣಿ ತಿಂತು. ಕಾಪಾಡಿದವಳೂ ನೀನೇ. ನನ್ನ ಅರಕೆ ಬಾಕಿ ಐತೆ, ಮರೆಯಾಕಿಲ್ಲ." ಹಿಂದೆ ನಿಂತಿದ್ದ ವೇಣಿ ಅದನ್ನು ಕೇಳಿಸಿಕೊಂಡಳು.

ಆ ಮಳೆಗೆ ಹಿತ್ತಲ ಬಳ್ಳಿ ಬೇರು ಸಮೇತ ಕೊಳೆತುಹೋಯಿತು. ಆದರೆ ಆ ಕಾಯಿಯಿಂದ ತೆಗೆದಿಟ್ಟ ಬೀಜಗಳನ್ನು ವೇಣಿ ಬೂದಿ ಸವರಿ ಒಣಗಿಸಿದ್ದಳು. ತಾರಸಿಯ ಮೇಲೆ ಪೇಂಟ್ ಬಕೆಟ್ಟಿನಲ್ಲಿ ಊರಿದಳು. ಬಳ್ಳಿ ಹಬ್ಬಿತು. ಎಲೆಯ ನೆರಳಲ್ಲಿ ಪುಟ್ಟಿ ಮಲಗುವುದನ್ನು ಕಲಿಯಿತು.

ಮಾಘದ ಒಂದು ಶುಕ್ರವಾರ ಭಾಗ್ಯಮ್ಮ ಗುಡಿಗೆ ಹೊರಟು ಮೆಟ್ಟಿಲ ಬಳಿ ಚಪ್ಪಲಿ ಹುಡುಕುತ್ತಿದ್ದಳು. ಫ್ಯಾಕ್ಟರಿ ಬಸ್ಸಿಗೆ ಹೊತ್ತಾಗಿದ್ದರೂ ವೇಣಿ, ಕೊರಳಲ್ಲಿ ಐಡಿ ಕಾರ್ಡು ತೂಗುಹಾಕಿಕೊಂಡು, ಮೆಲ್ಲಗೆ ಇಳಿದುಬಂದಳು. ತೊಟ್ಟು ಮುರಿಯದ, ಅರಿಸಿನ ಕುಂಕುಮ ಹಚ್ಚಿದ ತಾರಸಿ ಬಳ್ಳಿಯ ಚೊಚ್ಚಲ ಕಾಯಿಯನ್ನು ಭಾಗ್ಯಮ್ಮನ ಸೆರಗಿನಲ್ಲಿ ಇಟ್ಟಳು.