ಬೇರೆಯವರ ಸ್ವೆಟರ್

"ರೀ, ಅದಕ್ಕೆ ಕೈ ಹಾಕಬೇಡಿ, ಅದು ಬೇರೆಯವರದ್ದು!"

"ಯಾರದ್ದೇ?"

"ಇನ್ನೂ ಗೊತ್ತಿಲ್ಲ."

ಟಿಕೆಟ್ ಗುಮಾಸ್ತರು ಕಂದು ಸ್ವೆಟರಿನ ಮೇಲಿಂದ ಕೈ ತೆಗೆದರು. ಬೀರುವಿನ ತುಂಬ ಹೆಂಡತಿ ಕೈಯಾರೆ ಮಾಡಿಟ್ಟ ಉಡುಗೊರೆಗಳು. ಹುಟ್ಟಲಿರುವ ಕೂಸುಗಳಿಗೆ ಕುಲಾವಿ, ಮುಂದೆಂದೋ ಕಾಲು ಮುರಿದುಕೊಳ್ಳುವವರಿಗೆ ಮೆತ್ತನೆಯ ದಿಂಬು, ಮದುವೆಯ ಯೋಚನೆಯೇ ಇಲ್ಲದವರಿಗೆ ಜೋಡಿ ಕೈಚೀಲ. ಯಾರ ಮನೆಯಲ್ಲಿ ಏನೇ ಆಗಲಿ, ಬರಿಗೈಲಿ ಹೋಗುವ ಹೆಂಗಸಲ್ಲ ಅವಳು. ಬೀದಿಯವರು ಅವಳೆದುರು ಕೆಮ್ಮುವುದಕ್ಕೂ ಹೆದರುತ್ತಿದ್ದರು; ಕೆಮ್ಮಿದರೆ ಸಂಜೆಗೆ ಮಫ್ಲರ್ ಬಂತೆಂದೇ ಲೆಕ್ಕ.

ಗುಮಾಸ್ತರಿಗೋ, ನಿಲ್ದಾಣದ ಟಿಕೆಟ್ ಕಿಂಡಿಯಿಂದ ನುಗ್ಗುವ ಗಾಳಿಗೆ ಹಲ್ಲು ಕಟಕಟ. ಅಂಗಡಿಯಲ್ಲಿ ಒಂದು ಸ್ವೆಟರ್ ಕೊಳ್ಳಬಹುದಿತ್ತು. ಆದರೆ ಅವಳ ಕೈಯದ್ದೇ ಒಂದು ತನ್ನ ಮೈಮೇಲೆ ಬೀಳಲಿ ಎಂಬ ಆಸೆ. ನಾಚಿಕೆ ಬಿಟ್ಟು ಕೇಳಿಯೂ ಆಗಿತ್ತು. "ಮನೆಯವರಿಗೆ ಯಾರಾದ್ರೂ ಉಡುಗೊರೆ ಕೊಡ್ತಾರೇನ್ರೀ?" ಎಂದು ನಕ್ಕುಬಿಟ್ಟಿದ್ದಳು.

ಕೊನೆಗೊಂದು ಬೆಳಿಗ್ಗೆ ಗುಮಾಸ್ತರು ಸುಳ್ಳು ಹೊಸೆದರು.

"ಇವತ್ತು ನಮ್ಮ ಸ್ಟೇಷನ್ ಮಾಸ್ತರ ಹುಟ್ಟುಹಬ್ಬ ಕಣೇ."

ಅವಳ ಮುಖ ಅರಳಿತು. "ಮೈಕಟ್ಟು ಹೇಗೆ?"

"ಹೆಚ್ಚುಕಡಿಮೆ ನನ್ನಷ್ಟೇ."

ಕಂದು ಸ್ವೆಟರ್ ಬಣ್ಣದ ಕಾಗದ ಸುತ್ತಿಕೊಂಡು ಅವರ ಚೀಲ ಸೇರಿತು. ಅಂದಿನಿಂದ ಕಿಂಡಿಯ ಹಿಂದೆ ಕೂತಾಗ ತೊಡುವುದು, ಮನೆಗೆ ಹೊರಡುವಾಗ ಕಳಚಿ ಚೀಲಕ್ಕೆ ತುರುಕುವುದು. ಹೆಂಡತಿ ಹೆಣೆದದ್ದನ್ನು ಹೆಂಡತಿಯ ಕಣ್ಣಿಗೇ ಮರೆಮಾಚಿ ತೊಡುವ ಗಂಡಸು ಲೋಕದಲ್ಲಿ ಅವರೊಬ್ಬರೇ ಇದ್ದಿರಬೇಕು.

ಒಂದು ಭಾನುವಾರ ಆ ಮಾಸ್ತರೇ ದಾರಿಯಲ್ಲಿ ಹೋಗುತ್ತಿದ್ದವರು ಮನೆಯೊಳಗೆ ಬಂದು ಕೂತರು. ಗುಮಾಸ್ತರು ಚೀಲವನ್ನು ಕಾಲಿನಿಂದಲೇ ಕುರ್ಚಿಯ ಕೆಳಗೆ ತಳ್ಳಿದರು.

"ಸ್ವೆಟರ್ ಸರಿಹೋಯ್ತಾ ಸಾರ್?" ಹೆಂಡತಿ ಕೇಳಿಯೇಬಿಟ್ಟಳು.

"ಯಾವುದಮ್ಮಾ, ಇವರದಾ? ಸರಿಹೋಗದೇ ಏನು! ಟಿಕೆಟ್ ಕೇಳೋಕೆ ಬಂದವರಿಗೆಲ್ಲ 'ನಮ್ಮನೆಯವಳೇ ಹೆಣೆದಿದ್ದು' ಅಂತ ತೋರಿಸ್ತಾರೆ. ಅವರ ರೈಲು ಹೊರಟೋದ್ರೂ ಬಿಡಲ್ಲ!"

ಮಾಸ್ತರು ಹೊಟ್ಟೆ ಹಿಡಿದು ನಕ್ಕು, ಆಮೇಲೆ ಎದ್ದು ಹೋದರು. ಬಾಗಿಲು ಹಾಕಿಕೊಂಡಿತು.

"ನನಗೇ ಟೋಪಿ ಹಾಕಿದ್ರಾ?"

"ಕೇಳಿದ್ರೆ ನೀನೆಲ್ಲಿ ಕೊಟ್ಟೆ?"

"ತೆಗೀರಿ ಈಚೆಗೆ."

ಗುಮಾಸ್ತರು ತಲೆ ತಗ್ಗಿಸಿ ಚೀಲದಿಂದ ಸ್ವೆಟರ್ ತೆಗೆದು ಚಾಚಿದರು. "ತಗೋ. ವಾಪಸ್ಸು ಬೀರುವಿನಲ್ಲೇ ಇಟ್ಕೋ."

"ಮೊದ್ಲು ಹಾಕ್ಕೊಳ್ಳಿ, ನೋಡೋಣ."

ತೊಟ್ಟರು. ಅವಳು ಸುತ್ತ ಒಂದು ಸುತ್ತು ಬಂದಳು. "ಅಯ್ಯೋ, ತೋಳು ಗಿಡ್ಡ! ಇದನ್ನ ಹಾಕ್ಕೊಂಡು ಊರಿಗೆಲ್ಲ ನನ್ನ ಹೆಸರು ಹೇಳಿದ್ರಾ? ನನ್ನ ಮಾನ ಏನಾಗಬೇಡ?"

"ಬಿಚ್ಚಿಕೊಡ್ಲಾ?"

"ಸುಮ್ನೆ ಕೂತ್ಕೊಳ್ಳಿ."

ಅವಳು ಅವರ ತೋಳನ್ನು ತನ್ನ ಮಡಿಲಿಗೆ ಎಳೆದುಕೊಂಡು, ತುದಿಯ ಗಂಟು ಸಡಿಲಿಸಿ, ಹೊಸ ಉಲನ್ ಸೇರಿಸಿ, ಅವರು ತೊಟ್ಟಿದ್ದ ಹಾಗೆಯೇ ಮಣಿಕಟ್ಟಿನತ್ತ ಹೆಣೆಯತೊಡಗಿದಳು.