ಕಿವಿಯಲ್ಲಿ ಹೇಳುವ ಹೆಸರು

ಅಕ್ಷತ ಹೆಲ್ಮೆಟ್ಟಿನ ಗಾಜನ್ನು ಬಾಯಿಯ ಹತ್ತಿರ ತಂದು ಉಸಿರು ಬಿಟ್ಟಳು. ಹೀಗೆ ಮಂಜು ಕವಿಸಿ ಬೆಳಕಿಗೆ ಹಿಡಿದರೆ ಕೂದಲೆಳೆಯಷ್ಟು ಗೀರಿದ್ದರೂ ಕಾಣುತ್ತದೆ. ಸೋಂಪುರದ ಫ್ಯಾಕ್ಟರಿಯಲ್ಲಿ ಏಳು ವರ್ಷದಿಂದ ಅವಳದು ಇದೇ ಕೆಲಸ. ಇವತ್ತು ಉಸಿರಿನ ಹಿಂದೆಯೇ ನಾಲಿಗೆ ಎತ್ತಿ, "ಹ್ಲಾದಿನಿ" ಎಂದಳು. ನಾಲ್ಕು ದಿನದಿಂದ ಬಾರದಿದ್ದ ಹೆಸರು ಸರಾಗವಾಗಿ ಬಂತು.

"ಏನಕ್ಕಾ ಅದು, ಮಂತ್ರಾನಾ?" ಎಂದಳು ಪಕ್ಕದ ಟೇಬಲ್ಲಿನ ಹುಡುಗಿ.

"ನನ್ನ ತಮ್ಮನ ಮಗಳ ಹೆಸರು ಕಣೇ. ಭಾನುವಾರ ನಾನೇ ಕಿವೀಲಿ ಹೇಳ್ಬೇಕು."

ಹೆಸರು ಹುಡುಕಿದವನು ತಮ್ಮ ವಿಜಯ್. "ಅಕ್ಕಾ, ಇಡೀ ತಾಲ್ಲೂಕಲ್ಲೇ ಈ ಹೆಸರು ಇನ್ನೊಬ್ಳಿಗಿಲ್ಲ. ಸೋದರತ್ತೆ ನೀನು, ಪ್ರಾಕ್ಟೀಸ್ ಮಾಡ್ಕೊಂಡು ಬಾ," ಎಂದು ವಾಯ್ಸ್ ಮೆಸೇಜ್ ಕಳಿಸಿದ್ದ. ಶಾಲೆಯಲ್ಲಿ ಅಕ್ಷತಳ ಕ್ಲಾಸಿನಲ್ಲೇ ನಾಲ್ವರು ಅಕ್ಷತರಿದ್ದರು. ಗಂಡನ ಮನೆ ಬಿಟ್ಟು ಬಂದ ಮೇಲೆ ಅವಳನ್ನು ಯಾವ ಶುಭಕಾರ್ಯದಲ್ಲೂ ಯಾರೂ ಮುಂದೆ ಕರೆದಿರಲಿಲ್ಲ. ಡಾಬಸ್‌ಪೇಟೆಯ ಬಾಡಿಗೆ ರೂಮಿನಲ್ಲಿ ಮಾತಾಡಿಸುವವರಿರಲಿಲ್ಲ. ಹಾಗಾಗಿ ಅಭ್ಯಾಸಕ್ಕೆ ಅಡ್ಡಿಯೂ ಇರಲಿಲ್ಲ.

ಭಾನುವಾರ ತೂಬಗೆರೆಯಲ್ಲಿ, ವಿಜಯನ ಹೆಂಡತಿ ಅರ್ಪಿತಳ ತವರಿನಲ್ಲಿ ತೊಟ್ಟಿಲ ಶಾಸ್ತ್ರ. ಅಕ್ಷತ ಚಾಪೆಯ ಮೇಲೆ ಕೂತು ಮಗುವಿಗೆ ಕೈ ಚಾಚಿದಳು. ಅರ್ಪಿತಳ ತಾಯಿ ಅಂಜಿನಮ್ಮ ಮಗುವನ್ನು ಕೊಡಲಿಲ್ಲ.

"ತಡಿಯಮ್ಮಾ, ಬೇಜಾರ್ ಮಾಡ್ಕೋಬೇಡ. ಮೊದಲ್ನೇ ಮಗು. ನಿಮ್ಮ ದೊಡ್ಡಪ್ಪನ ಮಗಳು ಚಂದ್ರಕಲಾನೂ ಸೋದರತ್ತೆನೇ ತಾನೆ? ಗಂಡ, ಮಕ್ಕಳು ಅಂತ ಚೆನ್ನಾಗವ್ಳೆ. ಅವ್ಳು ಹೇಳ್ಲಿ."

ಅಕ್ಷತ ತಮ್ಮನ ಕಡೆ ನೋಡಿದಳು. ಅವನು ತೊಟ್ಟಿಲಿಗೆ ಕಟ್ಟಿದ ಬಲೂನು ಸರಿಮಾಡುತ್ತಿದ್ದ. ಬಲೂನು ಸರಿಯಾಗಿಯೇ ಇತ್ತು.

ಚಂದ್ರಕಲಾ ಬಗ್ಗಿದಳು. "ಲಾದ್ನಿ... ಅಲಾದ್ನಿ..." ಹೆಂಗಸರು ನಕ್ಕರು. "ಏನ್ ಹೆಸ್ರೋ ಮಾರಾಯ, ಹಲ್ಲಿಲ್ದೋರ ಗತಿ ಏನಪ್ಪಾ?" ಎಂದ ಮೂಲೆಯಲ್ಲಿದ್ದ ಮುದುಕ ನರಸಿಂಹಯ್ಯ. ಮತ್ತೆ ನಗು.

ಅರ್ಪಿತಳ ಕಣ್ಣು ತುಂಬಿತು. "ಮೂರ್ ಸಲನೂ ಸರಿಯಾಗಿ ಹೇಳ್ಬೇಕು. ಹೆಸ್ರನ್ನೇ ಕೆಡ್ಸಿಬಿಟ್ರೆ ಹೆಂಗೆ?"

"ಅಕ್ಕಂಗೆ ಬರುತ್ತೆ," ಎಂದ ವಿಜಯ್ ಈಗ ತಿರುಗಿ. "ಅಕ್ಕಾ, ಚಂದ್ರಕ್ಕಂಗೆ ಒಂಚೂರು ಹೇಳ್ಕೊಡೇ."

ಎಲ್ಲರೂ ಅವಳತ್ತ ನೋಡಿದರು. ಮಗು ಎಚ್ಚರವಾಗಿತ್ತು. ಅದರ ಕಿವಿ ಅವಳಿಗೆ ಒಂದು ಮೊಳ ದೂರದಲ್ಲಿತ್ತು. ಹೆಸರು ನಾಲಿಗೆಯ ತುದಿಯಲ್ಲಿತ್ತು.

"ನಂಗೂ ಬರಲ್ಲ ಕಣೋ."

"ಮೊನ್ನೆ ಫೋನಲ್ಲಿ ಹೇಳ್ದಲ್ಲ?"

"ಮರ್ತೋಯ್ತು."

ವಿಜಯ್ ಮತ್ತೆ ಬಲೂನಿನ ಕಡೆ ತಿರುಗಿದ. "ಯಮಗಂಡಕಾಲ ಬಂದ್ಬಿಡುತ್ತೆ," ಎಂದು ಅಂಜಿನಮ್ಮ ಅವಸರಪಡಿಸಿದಳು. "ಈಗ ಅಮ್ಮಣ್ಣಿ ಅನ್ನು. ಸ್ಕೂಲಿಗೆ ಸೇರ್ಸೋವಾಗ ಅದೇನ್ ಬೇಕೋ ಬರೆಸ್ಕೊಳ್ಳಿ." ಚಂದ್ರಕಲಾ ಮೂರು ಸಲ ಅಮ್ಮಣ್ಣಿ ಎಂದಳು. ಅರ್ಪಿತ ಮುಖ ತಿರುಗಿಸಿಕೊಂಡಳು. ಅಕ್ಷತ ಎಲ್ಲರ ಜೊತೆ ಕೂತು ಊಟ ಮಾಡಿದಳು, ಪಾಯಸವನ್ನು ಎರಡು ಸಲ ಹಾಕಿಸಿಕೊಂಡಳು. ಮೂರು ಗಂಟೆಯ ಬಸ್ಸಿಗೆ ಹೊರಟಾಗ ವಿಜಯ್ ಗೇಟಿನವರೆಗೆ ಬಂದ. ಇಬ್ಬರೂ ಬಸ್ಸಿನ ಟೈಮಿನ ಬಗ್ಗೆ ಮಾತಾಡಿದರು.

ಸೋಮವಾರ ಪಕ್ಕದ ಟೇಬಲ್ಲಿನ ಹುಡುಗಿ ಕೇಳಿದಳು, "ಹೆಸ್ರು ಚೆನ್ನಾಗ್ ಹೇಳಿದ್ರಾ ಅಕ್ಕಾ? ತಡವರಿಸ್ಲಿಲ್ವಾ?"

"ಇಲ್ಲ."

ಅಕ್ಷತ ಗಾಜೊಂದನ್ನು ಎತ್ತಿಕೊಂಡು ಬಾಯಿಯ ಹತ್ತಿರ ತಂದಳು. ಉಸಿರಿನ ಜೊತೆ ಹೆಸರೂ ಬಂದುಬಿಟ್ಟಿತು, ಒಂದಕ್ಷರವೂ ತಪ್ಪಿಲ್ಲದೆ. ಗಾಜನ್ನು ಬೆಳಕಿಗೆ ಹಿಡಿದಳು. ಕವಿದ ಮಂಜು ಅಂಚಿನಿಂದ ಕರಗುತ್ತ ನಡುವೆ ಕಾಸಿನಷ್ಟಗಲ ಉಳಿದು, ಅದೂ ಹೋಯಿತು. ಗೀರಿರಲಿಲ್ಲ. ಪೆಟ್ಟಿಗೆಗೆ ಹಾಕಿ ಇನ್ನೊಂದನ್ನು ಎತ್ತಿಕೊಂಡಳು.