ಪೆಟ್ಲುಪ್ಪಿನ ರುಚಿ

"ಹೊಯ್ಯೋದ್ರಲ್ಲೂ ಜಿಪುಣತನವೇನ್ರೇ, ಮುಂಡೇರಾ? ಪಾರ್ಲಿಮೆಂಟಿಗೆ ಒಂದು ತೊಟ್ಟಿ ಉಚ್ಚೆ ಕೊಡೋಕೂ ಆಗಲ್ವಾ ನಿಮಗೆ?"

ಕರ್ನಲ್ ಸರ್ ಜರ್ವಿಸ್ ಥಾರ್ಲಿ ಕುದುರೆಯಿಂದ ಇಳಿಯದೆಯೇ, ಚಾವಟಿಯ ತುದಿಯಿಂದ ಮರದ ತೊಟ್ಟಿಯ ಮುಚ್ಚಳ ಎತ್ತಿ, ಮೂಗನ್ನು ಅತ್ತ ತಿರುಗಿಸಿ ಕಣ್ಣನ್ನು ಮಾತ್ರ ಇತ್ತ ಹಾಯಿಸಿದ್ದ. ತೊಟ್ಟಿ ಅರ್ಧವೂ ತುಂಬಿರಲಿಲ್ಲ. ಅದನ್ನು ಹೊತ್ತು ತಂದಿದ್ದ ಟ್ಯಾಮ್ಸಿನ್ ಕ್ರೌಚ್ ಸೊಂಟಕ್ಕೆ ಕೈಯಿಟ್ಟು ಬೆನ್ನು ನೆಟ್ಟಗೆ ಮಾಡಿಕೊಂಡಳು.

"ಕುಡಿಯಾಕಿದ್ರಲ್ವಾ ಬುದ್ದಿ, ಹೊಯ್ಯಾಕೆ ಬರೋದು. ನಮ್ಮ ಬಾರ್ಲೀನೆಲ್ಲ ತಮ್ಮ ಕುದ್ರೆ ತಿಂದ್ವು. ಅವುನ್ನೇ ಕೇಳಿ, ಧಾರಾಳವಾಗಿ ಹೊಯ್ತವೆ."

ಚಾವಟಿ ತೊಟ್ಟಿಯ ಮೇಲೆ ಬಿತ್ತು. ಒಳಗಿದ್ದುದು ಹಾರಿ ಅವಳ ಮುಖವನ್ನೂ ಲಂಗವನ್ನೂ ತೋಯಿಸಿತು. ಸಾಲಿನಲ್ಲಿ ನಿಂತಿದ್ದ ಹೆಂಗಸರು ನೆಲ ನೋಡಿದರು. ಟ್ಯಾಮ್ಸಿನ್ ತೋಳಿನಿಂದ ಮುಖ ಒರೆಸಿಕೊಂಡು, ಉಳಿದದ್ದನ್ನು ಅವನ ದೊಡ್ಡಮನೆಯ ಹಿಂದಿನ ಗುಂಡಿಗೆ ಸುರಿದು ಬಂದಳು.

ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿದ ಮೇಲೆ, ಸರ್ ಜರ್ವಿಸ್ ಒಡೆಯನಾಗಿದ್ದ ಆಲ್ಡರ್‌ವಿಕ್ ಹಳ್ಳಿಯಲ್ಲಿ ಉಚ್ಚೆಗೆ ಬೆಲೆ ಬಂದಿತ್ತು, ಹೊಯ್ಯುವವರಿಗೆ ಬಂದಿರಲಿಲ್ಲ. ಉಚ್ಚೆಯೋ ಹಿಕ್ಕೆಯೋ ನೆನೆದ ಮಣ್ಣನ್ನು ಸೋಸಿ ಕುದಿಸಿದರೆ ಪೆಟ್ಲುಪ್ಪು, ಪೆಟ್ಲುಪ್ಪಿನಿಂದ ಕೋವಿಯ ಮದ್ದು. ಮದ್ದು ಯಾರ ಎದೆಗೆ ಎಂಬುದು ಆಯಾ ವರ್ಷ ಸರ್ ಜರ್ವಿಸ್ ಯಾವ ಬಣ್ಣದ ನಡುಪಟ್ಟಿ ಕಟ್ಟಿದ್ದಾನೆ ಎನ್ನುವುದರ ಮೇಲಿತ್ತು. ಯುದ್ಧಕ್ಕೆ ಮೊದಲು ಅವನು ಪಾರ್ಲಿಮೆಂಟಿನ ಸದಸ್ಯನಾಗಿದ್ದ. ಅಲ್ಲಿ ಕೂತಷ್ಟು ಕಾಲದಲ್ಲಿ ಬಾಯಿ ತೆರೆದದ್ದು ಒಂದೇ ಸಲ, ಥಂಡಿಗಾಳಿ ಬರುತ್ತಿದೆ, ಕಿಟಕಿ ಮುಚ್ಚಿ ಎನ್ನಲು. ಯುದ್ಧ ಶುರುವಾದಾಗ ಕೆಂಪು ಪಟ್ಟಿ ಬಿಗಿದು ರಾಜನ ಕಡೆ ಹೋದ. ರಾಜನ ದಂಡು ಸೋತ ಒಂದು ಮಧ್ಯಾಹ್ನ, ಜವುಗಿನ ಹುಲ್ಲಿನಲ್ಲಿ ಅಡಗಿದ್ದವನು ಎದ್ದು ಬಂದಾಗ ಅವನ ಸೊಂಟದಲ್ಲಿ ಪಾರ್ಲಿಮೆಂಟಿನ ಕಿತ್ತಳೆ ಪಟ್ಟಿಯಿತ್ತು. ಅವನೊಂದಿಗೆ ಹೋಗಿದ್ದ ಒಕ್ಕಲುಗಳಿಗೆ ಪಟ್ಟಿ ಬದಲಿಸಲು ಯಾರೂ ಹೇಳಿರಲಿಲ್ಲ. ಟ್ಯಾಮ್ಸಿನ್‌ಳ ಗಂಡ ಯಾರ ಗುಂಡಿಗೆ ಸತ್ತನೆಂದು ಅವಳು ಒಮ್ಮೆ ಕೇಳಿದ್ದಳು. ಸರ್ ಜರ್ವಿಸ್ ಆಕಾಶ ನೋಡಿ, ಮಳೆ ಬರಬಹುದು ಎಂದಿದ್ದ. ಆಮೇಲೆ ಅವಳು ಕೇಳಲಿಲ್ಲ.

ಆ ಸುಗ್ಗಿ ಮುಗಿದ ಮೇಲೆ ಪಾರ್ಲಿಮೆಂಟಿನ ಅಪ್ಪಣೆ ಹಿಡಿದು ಸ್ಕಟ್ ಎಂಬ ಪೆಟ್ಲುಪ್ಪಿನವನು ಬಂದ. ಯಾರ ಮನೆಯ ನೆಲವನ್ನಾದರೂ ಅಗೆಯುವ ಹಕ್ಕು ಅವನದು. ಕೈಯಲ್ಲಿ ಸನಿಕೆ ಇದ್ದರೂ ಅವನ ನಿಜವಾದ ಆಯುಧ ನಾಲಗೆ. ಹೊಸ್ತಿಲಲ್ಲಿ ಮಂಡಿಯೂರಿ, ಚಿಟಿಕೆ ಮಣ್ಣು ತೆಗೆದು ನಾಲಗೆಯ ಮೇಲಿಟ್ಟು ಕಣ್ಣು ಮುಚ್ಚುತ್ತಿದ್ದ. ಉಪ್ಪು ತಾಗಿದರೆ ಆ ಮನೆಯ ಕತೆ ಮುಗಿಯಿತು. ಕೆಳಗಿನ ಕೇರಿಯ ವಿಲ್ಮಟ್‌ನ ಮನೆಯನ್ನು ಹಾಗೆಯೇ ಅಗೆದಿದ್ದರು. ಒಲೆ ಕುಸಿಯಿತು, ಮಣ್ಣಗೋಡೆ ಒಳಕ್ಕೆ ಬಾಗಿತು. ಈಗ ಅವನ ಸಂಸಾರ ಬೇಲಿಯ ಮಗ್ಗುಲಲ್ಲಿ ಮಲಗುತ್ತಿತ್ತು.

ಸ್ಕಟ್‌ನ ಬೆನ್ನಿಗೆ ಪಾರ್ಲಿಮೆಂಟಿನ ಕ್ಯಾಪ್ಟನ್ ಬ್ರೇಲ್ ಇದ್ದ, ನಗುವುದೂ ಪಾಪವೆಂದು ತಿಳಿದ ಮನುಷ್ಯ. ಪಾರಿವಾಳದ ಹಿಕ್ಕೆ ಬಿದ್ದ ಮಣ್ಣೇ ಎಲ್ಲಕ್ಕಿಂತ ಶ್ರೇಷ್ಠ ಎಂದು ಸ್ಕಟ್ ಹೇಳಿದಾಗ, ಬ್ರೇಲ್ ದೊಡ್ಡಮನೆಯ ಪಕ್ಕದ ಪಾರಿವಾಳದ ಗೋಪುರದ ಕಡೆ ಬೆರಳು ತೋರಿಸಿದ್ದ. ಸರ್ ಜರ್ವಿಸ್ ಬೈಬಲ್ ಮುಟ್ಟಿ, ಗೋಪುರದ ನೆಲಕ್ಕೆ ಕಲ್ಲು ಹಾಸಿದೆ, ಒಳಗೆ ಮಣ್ಣೇ ಇಲ್ಲ ಎಂದಿದ್ದ. ಆ ಪಾರಿವಾಳಗಳು ಒಕ್ಕಲುಗಳು ಬಿತ್ತಿದ ಕಾಳನ್ನು ಆರಿಸಿ ತಿಂದು ಒಡೆಯನ ಊಟದ ತಟ್ಟೆಗೆ ಹೋಗುವ ಹಕ್ಕಿಗಳು. ಕಲ್ಲೆಸೆದು ಓಡಿಸಿದರೂ ಬೆನ್ನ ಚರ್ಮ ಸುಲಿಯುತ್ತಿದ್ದರು.

ಮೂವರೂ ಟ್ಯಾಮ್ಸಿನ್‌ಳ ಗುಡಿಸಲಿಗೆ ಬಂದಾಗ ಮಗಳು ನೆಲ್ ಒಳಗೆ ಹುಲ್ಲಿನ ಮೇಲೆ ಮಲಗಿದ್ದಳು. ದಿನ ತುಂಬಿತ್ತು. ಬೆಳಗಿನಿಂದ ಸಣ್ಣಗೆ ನೋವು ಬಂದು ಹೋಗುತ್ತಿತ್ತು.

ಸ್ಕಟ್ ಹೊಸ್ತಿಲ ಮಣ್ಣನ್ನು ನಾಲಗೆಗಿಟ್ಟ. ಕಣ್ಣು ಮುಚ್ಚಿತು. ಬಹಳ ಹೊತ್ತು ತೆರೆಯಲಿಲ್ಲ. ಆಮೇಲೆ ಇನ್ನೊಂದು ಚಿಟಿಕೆ ಹಾಕಿಕೊಂಡ, ಮದುವೆಯೂಟದಲ್ಲಿ ಎರಡನೆಯ ಸಲ ಬಡಿಸಿಕೊಂಡವನಂತೆ.

"ಇಷ್ಟು ಊರು ನೆಕ್ಕಿದೀನಿ, ಇಂಥ ಮಣ್ಣು ಸಿಕ್ಕಿರ್ಲಿಲ್ಲ," ಎಂದ. "ಈಗ್ಲೇ ಅಗೀಬೇಕು."

ಸರ್ ಜರ್ವಿಸ್‌ಗೆ ಖುಷಿಯಾಯಿತು. ತಲೆತಲಾಂತರದಿಂದ ಹೇಲಿನಲ್ಲೇ ಉರುಳಾಡಿದ ಜನ, ಕೊನೆಗೆ ಇವರ ಗಲೀಜಾದರೂ ದೇವರ ಕೆಲಸಕ್ಕೆ ಬಂತು ಎಂದು ಬ್ರೇಲ್‌ಗೆ ಕೇಳುವಂತೆ ಹೇಳಿದ. ಮಗಳ ಹೆರಿಗೆ ಆಗಲಿ, ಅಲ್ಲಿಯ ತನಕ ತಡೆಯಿರಿ ಎಂದು ಟ್ಯಾಮ್ಸಿನ್ ಬೇಡಿಕೊಂಡಳು.

"ಹಂದಿ ಎಲ್ಲಿ ಈಯುತ್ತೆ? ಬೇಲಿ ಸಂದೀಲಿ. ಎಳ್ದು ಹಾಕ್ರೋ ಆಚೆಗೆ," ಎಂದು ಸರ್ ಜರ್ವಿಸ್ ಹಿಂದೆ ನಿಂತಿದ್ದ ಆಳುಗಳಿಗೆ ಕೂಗಿದ.

ಒಳಗೆ ನೆಲ್‌ಳ ನರಳಾಟ ತಟ್ಟನೆ ನಿಂತಿತು. ಕೇಳಿಸಿಕೊಂಡಿದ್ದಳು. ಟ್ಯಾಮ್ಸಿನ್ ತಲೆ ತಗ್ಗಿಸಿದಳು. ಕಣ್ಣಿಗೆ ಬಿದ್ದದ್ದು ತನ್ನದೇ ಮರದ ಮೆಟ್ಟು. ಅಟ್ಟೆಯ ಅಂಚಿಗೆ ಬೂದುಬಿಳಿ ಹಿಕ್ಕೆ ಮೆತ್ತಿಕೊಂಡಿತ್ತು. ದಿನಾ ಬೆಳಿಗ್ಗೆ ಗೋಪುರ ಗುಡಿಸಿ ಬಂದು, ಒಳಗೆ ಕಾಲಿಡುವ ಮೊದಲು ಅದನ್ನು ಕೆರೆದು ಉದುರಿಸುತ್ತಿದ್ದುದು ಇದೇ ಹೊಸ್ತಿಲಲ್ಲಿ. ಮದುವೆಯಾಗಿ ಬಂದಂದಿನಿಂದ.

ಅವಳ ತುಟಿಯ ಒಂದು ಮೂಲೆ ಅಲುಗಿತು. ಮೆಟ್ಟು ಕಳಚಿ, ತಲೆಕೆಳಗಾಗಿ ಹಿಡಿದು ಸ್ಕಟ್‌ನ ಮುಖಕ್ಕೆ ಚಾಚಿದಳು.

"ಇದುನ್ನೊಸಿ ನೆಕ್ಕಿ ನೋಡಿ ಸ್ವಾಮಿ."

ಸರ್ ಜರ್ವಿಸ್ ಚಾವಟಿ ಎತ್ತಿದ. ಬ್ರೇಲ್ ಅವನ ಮಣಿಕಟ್ಟು ಹಿಡಿದ. ಸ್ಕಟ್‌ನ ನಾಲಗೆ ಮಾನಮರ್ಯಾದೆ ಬಿಟ್ಟು ವರ್ಷಗಳಾಗಿದ್ದವು. ಅವನು ಬಾಗಿ, ಹಿಮ್ಮಡಿಯಿಂದ ಬೆರಳಿನ ತನಕ, ಬೆಕ್ಕು ಮರಿಯನ್ನು ನೆಕ್ಕುವಂತೆ ನೆಕ್ಕಿದ.

"ಅದೇ. ಅದಕ್ಕಿಂತ ಖಾರ. ಎಲ್ಲೀದಮ್ಮ ಇದು?"

"ಬುದ್ದಿಯೋರ ಪಾರಿವಾಳದ ಗೋಪುರದ್ದು. ಗುಡ್ಸೋಳು ನಾನೇಯ. ಎಷ್ಟು ಗುಡುಸುದ್ರೂ ಅಡೀಲಿ ಮೊಣಕಾಲ್ ಮಟ ಐತೆ. ಕಲ್ಲು ಹಾಸವ್ರಂತೆ, ನನ್ ಕಾಲಿಗಂತೂ ಒಂದಿನಾನೂ ಸಿಗ್ಲಿಲ್ಲ."

ಬ್ರೇಲ್ ಬೈಬಲ್ಲಿನ ಮಾತು ಎತ್ತಲಿಲ್ಲ. ಕರ್ನಲ್‌ನ ಕಿತ್ತಳೆ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿದ.

"ಪಾರ್ಲಿಮೆಂಟಿಗೆ ಮಣ್ಣು ಕೊಡೋಕೂ ಕೈ ಬರದವರು ಇದ್ದಾರೆ, ಕರ್ನಲ್. ಅವರ ಪೆಟ್ಟಿಗೇಲಿ ಇನ್ನೂ ಕೆಂಪು ಪಟ್ಟಿ ಇರುತ್ತೆ ಅಂತ ಕೇಳಿದೀನಿ."

ಸರ್ ಜರ್ವಿಸ್ ಆಕಾಶ ನೋಡಿದ. ಅಲ್ಲಿ ಮೋಡವಿರಲಿಲ್ಲ. "ಅಗೀರಿ," ಎಂದ. "ನಾನೇ ಹೇಳಬೇಕೂಂತಿದ್ದೆ."

ಗೋಪುರದ ಅಡಿಯನ್ನು ಎಷ್ಟು ಆಳಕ್ಕೆ ತೋಡಿದರೆಂದರೆ ಸಂಜೆಯ ಹೊತ್ತಿಗೆ ಅದು ಒಂದು ಮಗ್ಗುಲಿಗೆ ವಾಲಿ, ಯೋಚಿಸಿ, ಕುಳಿತುಬಿಟ್ಟಿತು. ಪಾರಿವಾಳಗಳು ಎದ್ದು ಊರ ಮೇಲೆ ಸುತ್ತಿದವು. ಗೂಡಿಲ್ಲದೆ, ಕೊನೆಗೆ ಬಡವರ ಹುಲ್ಲು ಸೂರುಗಳ ಮೇಲೆ ಸಾಲಾಗಿ ಕೂತವು. ಅವುಗಳನ್ನು ಮುಟ್ಟಿದವರ ಬೆನ್ನು ಸುಲಿಯುವುದಾಗಿಯೂ ಗುಡಿಸಲು ಬಿಡಿಸುವುದಾಗಿಯೂ ಸರ್ ಜರ್ವಿಸ್ ಕುದುರೆಯ ಮೇಲಿಂದ ಸಾರಿ ಹೋದ. ಅವನ ಬೆನ್ನು ತಿರುಗಿದ್ದೇ ಏಣಿಗಳು ಹೊರಬಿದ್ದವು.

ಸ್ಕಟ್ ಅಗೆಯದೆ ಬಿಟ್ಟ ತನ್ನ ಮನೆಯ ಗಟ್ಟಿ ನೆಲದ ಮೇಲೆ ನೆಲ್ ಹೆಣ್ಣುಮಗು ಹೆತ್ತಳು. ಆ ವಾರವೆಲ್ಲ ಕೇರಿಯ ಯಾವ ಮನೆಯಿಂದಲೂ ಬರೀ ಗಂಜಿಯ ವಾಸನೆ ಬರಲಿಲ್ಲ. ಬಾಣಂತಿಗೆ ಪಾರಿವಾಳದ ಬಿಸಿ ಸಾರು ಕುಡಿಸುವಾಗ ಟ್ಯಾಮ್ಸಿನ್‌ಗೆ ಗಂಡ ನೆನಪಾದ.

ಸ್ಕಟ್ ಮತ್ತು ಬ್ರೇಲ್ ಮುಂದಿನ ಊರಿಗೆ ಹೋದ ಮೇಲೆ ಕೇರಿಯ ಹೆಂಗಸರಿಗೆಲ್ಲ ದೊಡ್ಡಮನೆಗೆ ಕರೆ ಬಂತು. ಆ ಸೀಮೆಯ ನ್ಯಾಯಾಧೀಶನೂ ಸರ್ ಜರ್ವಿಸ್ಸೇ. ಬಿಳಿ ಬಟ್ಟೆ ಹಾಸಿದ ಉದ್ದನೆಯ ಮೇಜಿನ ಹಿಂದೆ ಕೂತಿದ್ದ. ಗುಡಿಸಲು ಬಿಡಿಸುವ ಅಪ್ಪಣೆ ಬರೆದಾಗಿತ್ತು. ಅದರಲ್ಲಿ ಹೆಸರು ತುಂಬುವುದಷ್ಟೇ ಬಾಕಿ. ಪಾರಿವಾಳ ತಿಂದ ಒಬ್ಬಳ ಹೆಸರು ಹೇಳಿದರೆ ಉಳಿದವರನ್ನು ಬಿಡುತ್ತೇನೆ ಎಂದ.

ಆಮೇಲೆ ಟ್ಯಾಮ್ಸಿನ್ ಕಡೆ ಬೆರಳು ತೋರಿಸಿದ.

"ನೀನು ಹೇಳೇ. ಯಾರು ತಿಂದದ್ದು?"

ಟ್ಯಾಮ್ಸಿನ್ ಮುಂದೆ ಬಂದಳು. ಬಾಯೊಳಗೆ ಬೆರಳಿಟ್ಟು, ಹಿಂದಿನ ಹಲ್ಲಿನ ಸಂದಿಯಲ್ಲಿ ನಿಧಾನವಾಗಿ ತಡಕಾಡಿದಳು. ಒಂದು ಸಣ್ಣ ಮೂಳೆಯ ಚೂರು ಸಿಕ್ಕಿತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಬಿಳಿ ಬಟ್ಟೆಯ ಮೇಲೆ ಅವನ ಎದುರಿಗೆ ಇಟ್ಟಳು.

ಸರ್ ಜರ್ವಿಸ್ ಲೇಖನಿಯನ್ನು ಮಸಿಗೆ ಅದ್ದಿದ. ತಲೆಯೆತ್ತಿದಾಗ, ಅವಳ ಹಿಂದೆ ನಿಂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಾಯಿಗೆ ಬೆರಳು ಹಾಕುತ್ತಿದ್ದರು.